ಬೀಜ ಕಡಿಯುವ ಕಾಶಮ್ಮ

ಶಿವನಿ ಸ್ಟೇಷನ್ನಿನಿಂದ ಊರೊಳಕ್ಕೆ ಬರುವ ದಾರಿಯಲ್ಲಿ ಓಂಕಾರೇಶನ ಹಿಟ್ಟಿನ ಗಿರಣಿ ಇದೆ. ಬೆಳಗ್ಗೆ ಒಂಬತ್ತಕ್ಕೆ ಅದು ಶುರುವಾಯಿತೆಂದರೆ ಪಕ್ಕದಲ್ಲಿ ನಿಂತವರ ಕಿವಿಗೆ ಬಾಯಿಟ್ಟು ಕೂಗಬೇಕು. ಮಧ್ಯಾಹ್ನದವರೆಗೆ ಅದು ನಿಲ್ಲುವುದು ಎರಡೇ ಕಾರಣಕ್ಕೆ. ಕರೆಂಟು ಹೋಗಬೇಕು, ಇಲ್ಲವೇ ಓಂಕಾರೇಶನ ತಾಯಿ ಕಾಶಮ್ಮ ಜಗಲಿಯ ಮೇಲಿಂದ ಬಲಗೈ ಎತ್ತಬೇಕು.

ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಕಾಶಮ್ಮನ ಕೈ ಹಾಗಲ್ಲ, ಕಡಲೆ ಮನೆಗೆ ಬರುವ ಕಾಲದಲ್ಲಿ ಮಾತ್ರ ಮೇಲೇಳುತ್ತದೆ. ಈ ಕಡೆಯ ಕಪ್ಪುಮಣ್ಣಿನ ಹೊಲಗಳಲ್ಲೂ ಈಗ ಅಡಿಕೆ ಸಸಿ ತಲೆ ಎತ್ತಿವೆ, ನಿಜ. ಆದರೂ ಕಡಲೆ ಬಿಡದ ಮನೆಗಳು ಇನ್ನೂ ಇವೆ. ಕಡಲೆ ಕಿತ್ತು, ಬಡಿದು, ತೂರಿ, ಅಂಗಳದಲ್ಲಿ ಒಣಗಿಸಿದ ಮೇಲೆ ಬಿತ್ತನೆಯ ಪಾಲನ್ನು ಬೇರೆ ಎತ್ತಿಡುತ್ತಾರೆ. ಮಣ್ಣಿನ ದೊಡ್ಡ ಗುಡಾಣದೊಳಗೆ ಬೂದಿ, ಬೇವಿನ ಸೊಪ್ಪು ಹಾಕಿ, ಕಾಳು ತುಂಬಿ, ಬಾಯಿಗೆ ಮುಚ್ಚಳವಿಟ್ಟು ಸಗಣಿ ಮಣ್ಣಿನಲ್ಲಿ ಮೆತ್ತುತ್ತಾರೆ. ಚಿತ್ತೆ ಮಳೆ ಬರುವವರೆಗೆ, ಅಂದರೆ ಹೆಚ್ಚುಕಡಿಮೆ ಎಂಟು ತಿಂಗಳು, ಅದರ ಬಾಯಿ ಯಾರೂ ಬಿಚ್ಚುವುದಿಲ್ಲ. ಕಾಳಿನಲ್ಲಿ ಒಂಚೂರು ಹಸಿ ಉಳಿದಿದ್ದರೂ ಮುಗೀತು, ಎಂಟು ತಿಂಗಳು ಒಳಗೊಳಗೇ ಅದು ತನ್ನ ಕೆಲಸ ಮಾಡಿಕೊಳ್ಳುತ್ತಿರುತ್ತದೆ.

ಅದಕ್ಕೇ ಗುಡಾಣ ತುಂಬುವ ಮೊದಲು ಹೆಂಗಸರು ಒಂದು ಬೊಗಸೆ ಕಾಳು ಸೆರಗಿಗೆ ಕಟ್ಟಿಕೊಂಡು ಗಿರಣಿ ಜಗಲಿಗೆ ಬರುತ್ತಾರೆ. ಕಾಶಮ್ಮ ಗೋಣಿಚೀಲದ ಮೇಲೆ ಕೂತಿರುತ್ತಾಳೆ. ಬೊಗಸೆಯಿಂದ ಐದು ಕಾಳು ಆರಿಸಿಕೊಂಡು ಕೈ ಎತ್ತುತ್ತಾಳೆ. ಓಂಕಾರೇಶ ಮೋಟರು ಆರಿಸುತ್ತಾನೆ, ಬೆಲ್ಟು ಪಟಪಟ ಅಂದು ನಿಲ್ಲುತ್ತದೆ, ರಾಗಿ ಬೀಸಿಸಲು ಬಂದವರು ಆಡುತ್ತಿದ್ದ ಮಾತು ನುಂಗಿಕೊಳ್ಳುತ್ತಾರೆ. ಅವಳು ಕಣ್ಣು ಮುಚ್ಚಿ ಕಾಳನ್ನು ಬಲದವಡೆಗೆ ತಳ್ಳಿ ಕಡಿಯುತ್ತಾಳೆ. ಕಟ್ ಎಂದು ಎರಡು ಹೋಳಾದರೆ ಒಣಗಿದೆ. ಸದ್ದಿಲ್ಲದೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು. ಐದೂ ಕಾಳು ಕಡಿದು ಮುಗಿದ ಮೇಲೆ ಅವಳು ಹೇಳಿದ್ದೇ ಹೇಳಿದ್ದು.

ತೇವ ನೋಡುವ ಮೀಟರು ಅಜ್ಜಂಪುರದ ವ್ಯಾಪಾರಿಗಳ ಹತ್ತಿರ ಇಲ್ಲವೇ ಅಂದರೆ, ಇದೆ. ಅದು ಮಾರುವ ಕಾಳಿಗೆ. ಒಂದು ಬೊಗಸೆ ಬಿತ್ತನೆ ಹಿಡಿದುಕೊಂಡು ಬಸ್ಸು ಹತ್ತುವ ಹೆಂಗಸು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಕಾಶಮ್ಮನ ತವರು ಅಂತರಘಟ್ಟೆ. ಹದಿನೆಂಟಕ್ಕೆ ಮದುವೆಯಾಗಿ ಶಿವಮೂರ್ತಪ್ಪನ ಮನೆ ತುಂಬಿದಾಗ ಈ ಕೆಲಸ ಅವಳ ಅತ್ತೆಯದಾಗಿತ್ತು. ಅತ್ತೆ ಮಾತು ಕಡಿಮೆಯ ಹೆಂಗಸು. ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ತಾನೊಂದು ಕಾಳು ಕಡಿಯುವಳು, ಅದೇ ರಾಶಿಯದೊಂದನ್ನು ಸೊಸೆಯ ಕೈಗೆ ಕೊಡುವಳು. ಒಣಗಿದೆಯೋ ಇಲ್ಲವೋ ಸೊಸೆ ಹೇಳಬೇಕು. ತಪ್ಪಿದರೆ ಬೈಗುಳವಿಲ್ಲ, ಇನ್ನೊಂದು ಕಾಳು. ಹೀಗೆ ಮೂರು ವರ್ಷ. ನಾಲ್ಕನೇ ವರ್ಷ ಅತ್ತೆ ಕಾಳು ಬಾಯಿಗೆ ಹಾಕಿಕೊಳ್ಳದೆ ತೀರ್ಪಿಗೆ ಸೊಸೆಯ ಮುಖವನ್ನೇ ನೋಡಿದಳಂತೆ. ಅವತ್ತು ತನಗೆ ಅಳು ಬಂದಿತ್ತು ಎಂದು ಕಾಶಮ್ಮ ಈಗಲೂ ಹೇಳುತ್ತಾಳೆ.

ಅರವತ್ತು ತುಂಬುವ ಹೊತ್ತಿಗೆ ಅವಳ ವಸಡು ಸಡಿಲವಾಗಿ ಹಲ್ಲುಗಳು ಒಂದೊಂದೇ ಅಲ್ಲಾಡತೊಡಗಿದವು. ಎರಡು ಸಾವಿರದ ಹನ್ನೊಂದರಲ್ಲಿ ತರೀಕೆರೆಯ ಹಲ್ಲಿನ ಡಾಕ್ಟರು ಗಂಗಾಧರಯ್ಯನವರು ಉಳಿದಿದ್ದವನ್ನೂ ಕಿತ್ತರು. ವಸಡು ಮಾಯುವವರೆಗೆ ಗಂಜಿ ಕುಡಿದಳು, ಆಮೇಲೆ ಮೇಲೊಂದು ಕೆಳಗೊಂದು ಪೂರ್ತಿ ಹಲ್ಲಿನ ಸೆಟ್ಟು ಬಂತು. ಇನ್ನು ಬೀಜ ಕಡಿಯುವುದು ಮುಗಿದ ಕಥೆ ಎಂದು ಊರೆಲ್ಲ ಮಾತಾಡಿಕೊಂಡಿತು. ಕಟ್ಟಿಸಿಕೊಂಡ ಹಲ್ಲಿಗೆ ಏನು ತಿಳಿಯುತ್ತದೆ, ಪ್ಲಾಸ್ಟಿಕ್ಕು ತಾನೆ?

ಕಾಶಮ್ಮನ ಹಟ ಆ ಊರಿಗೆ ಪೂರ್ತಿ ಗೊತ್ತಿರಲಿಲ್ಲ. ಒಂದು ಲೋಟದಲ್ಲಿ ಒಣಗಿದ ಕಡಲೆ, ಇನ್ನೊಂದರಲ್ಲಿ ಅರೆಬರೆ ಒಣಗಿದ್ದು ಇಟ್ಟುಕೊಂಡು, ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಕಡಿದು ನೋಡುತ್ತಿದ್ದಳು. ವಸಡು ಹುಣ್ಣಾದರೂ ಬಿಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಅವಳಿಗೆ ಒಂದು ವಿಷಯ ತಿಳಿಯಿತು. ಕಾಳು ಒಡೆದದ್ದು ಹಲ್ಲಿಗೆ ತಿಳಿಯದಿದ್ದರೂ ಆ ಸದ್ದು ದವಡೆಯ ಮೂಳೆ ಹತ್ತಿ ಕಿವಿಗೆ ಬರುತ್ತದೆ. ಅಲ್ಲಿಂದ ಅವಳು ಹಲ್ಲು ಬಿಟ್ಟು ಕಿವಿಯನ್ನೇ ನಂಬಿದಳು. ಗಿರಣಿ ನಿಲ್ಲಿಸುವ ಪದ್ಧತಿ ಬಂದದ್ದೂ ಆಗಲೇ. ಸ್ವಂತ ಹಲ್ಲಿಗಿಂತ ಇದೇ ವಾಸಿ, ಹುಳುಕೂ ಹಿಡಿಯಲ್ಲ ನೋವೂ ಬರಲ್ಲ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಂಡಳು.

ಸೆಟ್ಟು ಕೊಡುವಾಗ ಗಂಗಾಧರಯ್ಯನವರು ವರ್ಷಕ್ಕೊಂದು ಸಲ ಬಂದು ತೋರಿಸಬೇಕೆಂದು ಹೇಳಿದ್ದರು. ಚೆನ್ನಾಗಿರುವುದನ್ನು ತೋರಿಸುವುದೇನು ಎಂದು ಕಾಶಮ್ಮ ಒಂದು ಸಲವೂ ಹೋಗಲಿಲ್ಲ. ಅವರು ಶಾಪು ಮುಚ್ಚಿ ಮಗಳ ಊರಿಗೆ ಹೋದದ್ದೂ ಅವಳಿಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಇತ್ತ ಬಾಯಿ ತನ್ನಷ್ಟಕ್ಕೆ ತಾನು ಬದಲಾಗುತ್ತಿತ್ತು. ಒಂದೇ ದಿನದಲ್ಲಿ ಆಗಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು, ಇದು ಹದಿಮೂರು ವರ್ಷ ತೆಗೆದುಕೊಂಡಿತು. ಮೊದಮೊದಲು ರೊಟ್ಟಿ ಗಟ್ಟಿಯಾಯಿತು ಎಂದು ಸೊಸೆ ಕೋಮಲಾಳ ಮೇಲೆ ಹರಿಹಾಯ್ದಳು. ಕೋಮಲಾ ಪಾಪ, ನೀರು ಜಾಸ್ತಿ ಹಾಕಿ ನಾದಿದಳು. ಆಮೇಲೆ ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ತಿನ್ನುವುದು ಶುರುವಾಯಿತು. ಬಾಯಿಯ ಮೂಲೆಗಳು ಒಳಕ್ಕೆ ಮಡಚಿಕೊಂಡು ಅಲ್ಲಿ ಸದಾ ಒಂದು ಒಡಕು. ಗದ್ದ ಮುಂದಕ್ಕೆ ಬಂದು ಮೂಗಿನ ಕಡೆಗೆ ಏಳುತ್ತಿತ್ತು. ವಯಸ್ಸಾಯಿತು, ಮುಖ ಇಳಿಯಿತು ಎಂದು ಎಲ್ಲರೂ ಅಂದುಕೊಂಡರು, ಅವಳೂ ಅಂದುಕೊಂಡಳು. ಅಷ್ಟರಲ್ಲಿ ಶಿವಮೂರ್ತಪ್ಪ ತೀರಿಕೊಂಡಿದ್ದ. ಕನ್ನಡಿ ನೋಡಿಕೊಳ್ಳುವ ಮನಸ್ಸೂ ಇರಲಿಲ್ಲ.

ಇನ್ನು ಹುಲಿಗೆಮ್ಮನ ವಿಷಯ.

ಹುಲಿಗೆಮ್ಮ ಕೆರೆ ಕಡೆಯ ಓಣಿಯ ಅಂಜಿನಪ್ಪನ ಹೆಂಡತಿ. ಐವತ್ತರ ಮೇಲಿನ ವಯಸ್ಸು, ಬಾಯ್ತುಂಬ ಗಟ್ಟಿ ಹಲ್ಲು, ಮಾತು ಮಾತ್ರ ಅಳೆದು ತೂಗಿ. ಅವಳ ಮನೆಯಲ್ಲಿ ಸಣ್ಣ ಕೆಂಪು ನಾಟಿ ಕಡಲೆ ಇತ್ತು, ತಾಯಿಯ ಮನೆಯಿಂದ ಮಡಿಲಲ್ಲಿ ತಂದದ್ದು. ಇಳುವರಿ ಕಡಿಮೆ, ರುಚಿ ಜಾಸ್ತಿ. ಬೀಜ ಕೆಡದಂತೆ ಇಡುವುದರಲ್ಲಿ ಅವಳ ಕೈ ದೊಡ್ಡದು ಎಂದು ಹೆಸರಾಗಿತ್ತು. ಐದಾರು ಮನೆಯವರು ಪ್ರತಿವರ್ಷ ಅವಳ ಹತ್ತಿರ ಬಿತ್ತನೆ ಬದಲು ಮಾಡಿಕೊಳ್ಳುತ್ತಿದ್ದರು. ಹೊಲ ಸಣ್ಣದಾದರೂ ಈ ಒಂದು ಮಾತಿನಿಂದ ಹುಲಿಗೆಮ್ಮ ಊರಿನಲ್ಲಿ ತಲೆ ಎತ್ತಿ ನಡೆಯುತ್ತಿದ್ದಳು.

ಎರಡು ಸಾವಿರದ ಇಪ್ಪತ್ತಮೂರರ ಮಾಘದಲ್ಲಿ ಮೂರು ದಿನ ಮೋಡ ಕವಿದುಕೊಂಡಿತ್ತು. ಬೇರೆಯವರ ಕಡಲೆ ಆಗಲೇ ಗುಡಾಣ ಸೇರಿತ್ತು, ಹುಲಿಗೆಮ್ಮನದು ಕೊನೆಯದು. ಒಂದು ಬೊಗಸೆ ತಂದು ಕಾಶಮ್ಮನ ಮುಂದೆ ಹಿಡಿದಳು. ಕೈ ಮೇಲೆದ್ದಿತು, ಗಿರಣಿ ನಿಂತಿತು, ಐದು ಕಾಳಿಗೆ ಐದು ಸಲ ಕಟ್ ಎಂದಿತು. ಒಣಗಿದೆ, ತುಂಬು ಎಂದಳು ಕಾಶಮ್ಮ. ಹುಲಿಗೆಮ್ಮ ಹೊರಡದೆ ನಿಂತಳು. ತನ್ನ ಬೆರಳಿಗೆ ಕಾಳು ಇನ್ನೂ ತಣ್ಣಗೆ ಅನಿಸುತ್ತಿದೆ, ಇನ್ನೊಂದು ಬಿಸಿಲು ಕಾಯಿಸಲೇ ಎಂದು ಮೆಲ್ಲಗೆ ಕೇಳಿದಳು.

"ನನ್ ಕಿವಿ ಸುಳ್ಳು ಹೇಳ್ತದೇನೇ?" ಎಂದಳು ಕಾಶಮ್ಮ. "ಹೋಗು, ತುಂಬು."

ಹುಲಿಗೆಮ್ಮ ಹೋಗಿ ತುಂಬಿದಳು. ಆ ಊರಿನಲ್ಲಿ ಬೇರೆ ಯಾವ ಹೆಂಗಸಾಗಿದ್ದರೂ ಅದನ್ನೇ ಮಾಡುತ್ತಿದ್ದಳು.

ಚಿತ್ತೆ ಮಳೆ ಬಿತ್ತು, ಗುಡಾಣಗಳ ಬಾಯಿ ಬಿಚ್ಚಿದರು. ಎಲ್ಲರ ಮನೆಯಲ್ಲೂ ಕಾಳು ಗಲಗಲ ಅಂತಿತ್ತು. ಹುಲಿಗೆಮ್ಮನ ಗುಡಾಣದಿಂದ ಮಾತ್ರ ಮುಗ್ಗು ವಾಸನೆ ಎದ್ದಿತು. ಕೈ ಹಾಕಿದರೆ ಬೂಷ್ಟು ಹಿಡಿದು ಗಂಟುಗಂಟಾದ ಕಾಳು. ಅದನ್ನೊಂದು ಹಿಡಿ ಸೆರಗಿನಲ್ಲಿ ಕಟ್ಟಿಕೊಂಡು ಗಿರಣಿಗೆ ಬಂದು ಕಾಶಮ್ಮನ ಮುಂದೆ ಬಿಚ್ಚಿದಳು. "ಅಮ್ಮಾ, ಹಿಂಗಾಗೈತೆ" ಎಂದಳು, ಅಷ್ಟೇ.

ಜಗಲಿಯ ಮೇಲೆ ಹತ್ತು ಜನ ಇದ್ದರು. ಕಾಶಮ್ಮ ಒಂದು ಕಾಳೆತ್ತಿ ಮೂಸಿ ನೋಡಿದಳು, ಮುಗ್ಗಿದ್ದು ನಿಜ. ಆದರೆ ಅವಳ ಬಾಯಿಂದ ಬಂದದ್ದು ಬೇರೆಯೇ. ತಾನು ಕಡಿದಾಗ ಐದೂ ಕಾಳು ಕಟ್ ಎಂದಿದ್ದವು, ಮಗನೂ ಸಾಕ್ಷಿ ಇದ್ದಾನೆ, ಗುಡಾಣವೇ ಹಸಿ ಇದ್ದಿರಬೇಕು, ಬಾಯಿ ಸರಿಯಾಗಿ ಮೆತ್ತಿರಲಿಕ್ಕಿಲ್ಲ ಎಂದು ಎಲ್ಲರ ಎದುರು ಹೇಳಿಬಿಟ್ಟಳು. ಇನ್ನೊಂದು ಬಿಸಿಲು ಕೇಳಿದ್ದೆನಲ್ಲ ಎಂದು ಹುಲಿಗೆಮ್ಮ ಆಗ ಅನ್ನಬಹುದಿತ್ತು. ಅನ್ನಲಿಲ್ಲ. ಗಂಟು ಕಟ್ಟಿಕೊಂಡು ಹೊರಟುಹೋದಳು.

ಮಾತು ಊರು ಸುತ್ತಲು ಎಷ್ಟು ಹೊತ್ತು? ಹುಲಿಗೆಮ್ಮನ ಕೈ ಮೊದಲಿನ ಹಾಗಿಲ್ಲವಂತೆ ಎಂದು ಸಂಜೆಯೊಳಗೆ ಎಲ್ಲ ಕಡೆ ಆಯಿತು. ಪ್ರತಿವರ್ಷ ಬದಲು ಮಾಡಿಕೊಳ್ಳುತ್ತಿದ್ದ ಐದಾರು ಮನೆಯವರು ಬೇರೆ ದಾರಿ ನೋಡಿಕೊಂಡರು. ಹುಲಿಗೆಮ್ಮ ಗುಡಾಣವನ್ನೆಲ್ಲ ಸುರಿದು, ಎರಡು ದಿನ ಕೂತು, ಕೆಡದ ಕಾಳನ್ನು ಒಂದೊಂದೇ ಆರಿಸಿದಳು. ಎರಡು ಪಾವು ಸಿಕ್ಕಿತು. ಹೊಲದ ಮೂಲೆಯಲ್ಲಿ ಅದನ್ನಷ್ಟೇ ಬಿತ್ತಿದಳು. ಅಂಜಿನಪ್ಪ ಮಾತ್ರ ರಾಗಿ ಬೀಸಿಸಲು ಬರುತ್ತಿದ್ದ, ನಮಸ್ಕಾರ ಮಾಡುತ್ತಿದ್ದ, ಹಿಟ್ಟು ತೆಗೆದುಕೊಂಡು ಹೋಗುತ್ತಿದ್ದ. ಹುಲಿಗೆಮ್ಮ ಆ ಜಗಲಿ ತುಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಾಶಮ್ಮನ ಕೆಳವಸಡು ನಾಲಗೆಯ ಪಕ್ಕದಲ್ಲಿ ಹುಣ್ಣಾಯಿತು. ಸೆಟ್ಟು ಇಟ್ಟರೆ ಜೀವ ಹೋಗುವ ನೋವು, ತೆಗೆದರೆ ಊಟವಿಲ್ಲ. ನಾಲ್ಕು ದಿನ ಮೊಸರನ್ನ ನುಂಗಿದಳು. ಐದನೇ ದಿನ ಕೋಮಲಾ ಅತ್ತೆಯ ಮಾತು ಕೇಳದೆ ಬೆಳಗಿನ ರೈಲು ಹತ್ತಿಸಿದಳು. ಅಜ್ಜಂಪುರ, ಬೀರೂರು ದಾಟಿ ಕಡೂರಿನಲ್ಲಿ ಇಳಿದು ಇಬ್ಬರೂ ಹಲ್ಲಿನ ಡಾಕ್ಟರು ಸೌಮ್ಯಳ ಶಾಪಿಗೆ ಹೋದರು. ಡಾಕ್ಟರು ಎಂದರೆ ದೊಡ್ಡವರಿರಬಹುದು ಎಂದುಕೊಂಡಿದ್ದ ಕಾಶಮ್ಮನಿಗೆ ಮೊಮ್ಮಗಳ ವಯಸ್ಸಿನ ಹುಡುಗಿಯನ್ನು ಕಂಡು ಅಷ್ಟೇನೂ ಸಮಾಧಾನವಾಗಲಿಲ್ಲ.

ಹುಡುಗಿಗೆ ಕೆಲಸ ಗೊತ್ತಿತ್ತು. ಸೆಟ್ಟು ತೆಗೆಸಿ ವಸಡಿನ ಮೇಲೆ ಬೆರಳಾಡಿಸಿದಳು. ಮತ್ತೆ ಹಾಕಿಸಿ, ಗದ್ದಕ್ಕೆ ಹೆಬ್ಬೆರಳು ಕೊಟ್ಟು, ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಬಾಯಿ ಮುಚ್ಚಿ ಅಜ್ಜಿ ಎಂದಳು. ಹಾಗೆ ಮುಚ್ಚಿದರೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಸೇರಲೇ ಇಲ್ಲ. ಸೇರಬೇಕಾದರೆ ಕಾಶಮ್ಮ ದವಡೆಯನ್ನು ಮುಂದಕ್ಕೆ ತಳ್ಳಬೇಕಿತ್ತು. ತಾನು ಹಾಗೆ ತಳ್ಳುತ್ತಿದ್ದೇನೆ ಎನ್ನುವುದೇ ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೋಮಲಾಳ ಫೋನಿನಲ್ಲಿ ಅವಳದೇ ಮದುವೆಯ ಹಳೆಯ ಫೋಟೋ ಇತ್ತು. ಸೌಮ್ಯ ಅದನ್ನು ದೊಡ್ಡದು ಮಾಡಿ ಕನ್ನಡಿಯ ಪಕ್ಕ ಹಿಡಿದು ತೋರಿಸಿದಳು. ಫೋಟೋದಲ್ಲಿದ್ದ ಕಾಶಮ್ಮನ ಮೂಗಿಗೂ ಗದ್ದಕ್ಕೂ ನಡುವೆ ತುಂಬ ಜಾಗವಿತ್ತು. ಕನ್ನಡಿಯಲ್ಲಿ ಅದರ ಅರ್ಧವೂ ಇರಲಿಲ್ಲ. ಹಲ್ಲು ಕಿತ್ತ ಮೇಲೆ ಅಡಿಯ ಮೂಳೆ ಸೋಪಿನ ಬಿಲ್ಲೆಯ ಹಾಗೆ ಸವೆಯುತ್ತಾ ಹೋಗುತ್ತದೆ, ಮೇಲಿನ ದವಡೆಗಿಂತ ಕೆಳಗಿನದರಲ್ಲಿ ಜಾಸ್ತಿ ಎಂದು ಹುಡುಗಿ ಬಿಡಿಸಿ ಹೇಳಿದಳು. ಕಟ್ಟಿಸಿಕೊಂಡ ಹಲ್ಲೂ ಅಗಿದು ಅಗಿದು ಚಪ್ಪಟೆಯಾಗುತ್ತದೆ. ಆಗ ದವಡೆ ಮೇಲಕ್ಕೂ ಮುಂದಕ್ಕೂ ಜರುಗುತ್ತದೆ. ದಿನಕ್ಕೆ ಕೂದಲೆಳೆಯಷ್ಟೂ ಅಲ್ಲವಾದ್ದರಿಂದ ಬಾಯಿ ಅದಕ್ಕೇ ಹೊಂದಿಕೊಂಡುಬಿಡುತ್ತದೆ.

"ಹದಿಮೂರು ವರ್ಷದಲ್ಲಿ ನಿಮ್ ಬಾಯಿ ಬದಲಾಗಿದೆ ಅಜ್ಜಿ, ಸೆಟ್ಟು ಬದಲಾಗಿಲ್ಲ" ಎಂದಳು ಸೌಮ್ಯ.

ಆಮೇಲೆ ಹಲ್ಲಿನ ನಡುವೆ ತೆಳುವಾದ ನೀಲಿ ಕಾಗದವಿಟ್ಟು ಕಡಿಯಲು ಹೇಳಿದಳು. ಕಾಶಮ್ಮ ಬಲದವಡೆ ಒತ್ತಿದಳು. ಎಡಗಡೆಯ ಸೆಟ್ಟು ಮೇಲೆದ್ದು ಬಿದ್ದಿತು. ಕಟ್.

ಈ ಸದ್ದು ಯಾವಾಗಲೂ ಬರುತ್ತದೆಯೇ ಎಂದು ಸೌಮ್ಯ ಕೇಳಿದಳು. ಯಾವ ಸದ್ದು ಎಂದಳು ಕಾಶಮ್ಮ. ಕೋಮಲಾ ತಲೆ ತಗ್ಗಿಸಿಕೊಂಡು, ಮೂರು ನಾಲ್ಕು ವರ್ಷದಿಂದ ಊಟ ಮಾಡುವಾಗೆಲ್ಲ ಬರುತ್ತದೆ, ಮನೆಯವರಿಗೆ ಅಭ್ಯಾಸವಾಗಿದೆ ಎಂದಳು. ನನಗ್ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ಹೇಗೆ ಹೇಳಲಿ ಅತ್ತೆ ಎಂದಳು. ಅದೂ ನ್ಯಾಯವೇ. ರೊಟ್ಟಿಗೆ ಬೈಸಿಕೊಂಡವಳು ಹಲ್ಲಿನ ಸುದ್ದಿ ಎತ್ತುತ್ತಾಳೆಯೇ?

ಕಾಶಮ್ಮ ಕಾಗದ ಉಗಿದು, ಬರಿಯ ಬಾಯಿಯಲ್ಲೇ ಇನ್ನೊಂದು ಸಲ ಕಡಿದಳು. ಕಟ್ ಎಂದಿತು. ಒಣಗಿದ ಕಡಲೆಯ ಸದ್ದು ಅದು. ಬಾಯಿಯಲ್ಲಿ ಕಡಲೆ ಇರಲಿಲ್ಲ.

ಮನೆಗೆ ಬಂದವಳೇ ಕಾಶಮ್ಮ ಐದು ಕಡಲೆಯನ್ನು ನೀರಿನ ಲೋಟಕ್ಕೆ ಹಾಕಿದಳು. ರಾತ್ರಿಯ ಅಡುಗೆಯ ಹೊತ್ತಿನವರೆಗೆ ನೆನೆಯಲು ಬಿಟ್ಟು, ತೆಗೆದು ಒರೆಸಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ವಸಡಿನ ನೋವು ತಡೆದುಕೊಂಡು ಒಂದನ್ನು ಕಡಿದಳು. ಕಟ್. ಇನ್ನೊಂದು, ಮತ್ತೊಂದು. ಐದಕ್ಕೂ ಅದೇ ಸದ್ದು. ಬಾಯಿಂದ ತೆಗೆದು ನೋಡಿದರೆ ಕಾಳುಗಳು ಒಡೆದೇ ಇರಲಿಲ್ಲ, ಚಪ್ಪಟೆಯಾಗಿದ್ದವು.

ಕೋಮಲಾ ಒಲೆಯ ಪಕ್ಕದಿಂದ ನೋಡುತ್ತಿದ್ದಳು. ಅವಳಿಗೂ ತಿಳಿಯಿತು.

ಆ ವಾರವೆಲ್ಲ ಕಾಶಮ್ಮ ತನ್ನ ಮನಸ್ಸಿನೊಳಗೆ ನೂರು ನೆಪ ಹುಡುಕಿದಳು. ಮೋಡ ಕವಿದದ್ದು ತನ್ನ ತಪ್ಪೇ? ಗುಡಾಣವೂ ಸ್ವಲ್ಪ ಹಸಿ ಇದ್ದಿರಬಹುದಲ್ಲ? ಬೇರೆಯವರ ಕಾಳು ಚೆನ್ನಾಗಿಯೇ ಇತ್ತಲ್ಲ? ಈ ಕೊನೆಯದೇ ಅವಳನ್ನು ಹೆಚ್ಚು ಚುಚ್ಚಿತು. ಅವರ ಕಾಳು ಅವರ ಬಿಸಿಲಿಗೆ ಒಣಗಿತ್ತು. ತಾನು ಹೇಳಿದ್ದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಎಷ್ಟು ವರ್ಷದಿಂದ ಗಿರಣಿ ನಿಲ್ಲಿಸಿಕೊಂಡು ತನ್ನ ಹಲ್ಲಿನ ಸದ್ದನ್ನೇ ತಾನು ಕೇಳಿಸಿಕೊಂಡು ತೀರ್ಪು ಕೊಟ್ಟಳೋ ಆ ಶಿವನೇ ಬಲ್ಲ. ಪೂಜೆಗೆ ಕೂತರೆ ಅಂಗೈಯ ಲಿಂಗದ ಮೇಲೆ ದೃಷ್ಟಿ ನಿಲ್ಲದೆ, ಸೆರಗಿನ ಗಂಟು ಕಟ್ಟಿಕೊಂಡು ಜಗಲಿ ಇಳಿದುಹೋದ ಹುಲಿಗೆಮ್ಮನ ಬೆನ್ನೇ ಕಾಣುತ್ತಿತ್ತು. ನಾಚಿಕೆಯಾಯಿತು. ಎಪ್ಪತ್ತಮೂರು ವರ್ಷದಲ್ಲಿ ಆಗದಷ್ಟು ನಾಚಿಕೆ.

ಒಂದು ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಕೋಮಲಾ ತಾನಾಗಿ ಮಾತು ತೆಗೆದಳು. ಅತ್ತೆ ಸೊರಗುತ್ತಿರುವುದು ಅವಳಿಗೆ ನೋಡಲಾಗುತ್ತಿರಲಿಲ್ಲ.

"ಅತ್ತೆ, ಯಾರ್ಗೂ ಗೊತ್ತಿಲ್ಲ. ನಾನೂ ಹೇಳಲ್ಲ."

"ಹುಲಿಗೆಮ್ಮಂಗೆ ಗೊತ್ತು ಕಣೇ" ಎಂದಳು ಕಾಶಮ್ಮ. "ಅವತ್ತೇ ಗೊತ್ತಿತ್ತು ಅವಳಿಗೆ. ನನ್ ಮಾತಿಗೆ ಬೆಲೆ ಕೊಟ್ಟು ತನ್ ಬೆರಳ್ನ ಸುಳ್ಳು ಮಾಡ್ಕೊಂಡ್ಲು."

ಕೋಮಲಾ ಸುಲಿದ ಅವರೆಯನ್ನು ಬಾಚಿಕೊಂಡು ಒಳಗೆ ಹೋದಳು.

ಕಡೂರಿಗೆ ಇನ್ನೂ ನಾಲ್ಕು ಸಲ ಹೋಗಿಬರಬೇಕಾಯಿತು. ಜರುಗಿದ ದವಡೆಯನ್ನು ಒಂದೇ ಸಲ ಹಿಂದಕ್ಕೆ ಕೂರಿಸಿದರೆ ಬಾಯಿ ಒಪ್ಪುವುದಿಲ್ಲ ಎಂದು ಸೌಮ್ಯ ಮೊದಲು ಹಳೆಯ ಸೆಟ್ಟಿನ ಹಲ್ಲುಗಳನ್ನೇ ಸ್ವಲ್ಪ ಎತ್ತರಿಸಿದಳು. ಹತ್ತು ದಿನ ಬಿಟ್ಟು ಇನ್ನೂ ಸ್ವಲ್ಪ. ಹುಣ್ಣು ಮಾಯ್ದು, ದವಡೆ ತನ್ನ ಜಾಗಕ್ಕೆ ಬಂದ ಮೇಲೆ ಹೊಸ ಅಚ್ಚು ತೆಗೆದಳು. ಫಾಲ್ಗುಣ ಹುಟ್ಟುವ ಹೊತ್ತಿಗೆ ಹೊಸ ಸೆಟ್ಟು ಬಂತು. ಈ ಸಲ ವರ್ಷಕ್ಕೊಂದು ಸಲ ಬರುತ್ತೇನೆ ಎಂದು ಕಾಶಮ್ಮ ತಾನಾಗಿಯೇ ಹೇಳಿದಳು.

ಮುಖ ತುಂಬಿಕೊಂಡಿತು. ಹತ್ತು ವರ್ಷ ಚಿಕ್ಕವಳಾದೆ ಎಂದು ಓಂಕಾರೇಶ ಛೇಡಿಸಿದ. ಆದರೆ ಅವಳ ಬಾಯಿಗೆ ಅದು ಬೇರೆ ಯಾರದೋ ಮನೆ. ತುತ್ತು ಎಲ್ಲಿಡಬೇಕು, ದವಡೆ ಎಲ್ಲಿ ನಿಲ್ಲಿಸಬೇಕು ಒಂದೂ ತಿಳಿಯದು. ಸರಿಯಾದದ್ದೇ ತಪ್ಪು ಅನಿಸುತ್ತಿತ್ತು, ತಪ್ಪಾಗಿದ್ದ ಹಳೆಯದೇ ಹಿತ ಅನಿಸುತ್ತಿತ್ತು. ಕಡಲೆ ಕಡಿದು ನೋಡಿದಳು. ಏನೋ ಒಂದು ಸದ್ದು ಬಂತು. ಒಣಗಿದ್ದರದೋ, ಹಸಿಯದೋ, ಹಲ್ಲಿನದೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಕಡಲೆ ಮನೆಗಳಿಗೆ ಬಂದಿತ್ತು. ವಸಡು ನೋವೆಂದು ಕಾಶಮ್ಮ ಇಪ್ಪತ್ತು ದಿನದಿಂದ ಯಾರ ಕಾಳನ್ನೂ ಮುಟ್ಟಿರಲಿಲ್ಲ. ಹೊಸ ಹಲ್ಲು ಬಂದಿದೆ, ಇನ್ನು ನೋಡುತ್ತಾಳೆ ಎಂದು ಒಂದು ಬೆಳಗ್ಗೆ ಏಳೆಂಟು ಹೆಂಗಸರು ಬೊಗಸೆ ಬೊಗಸೆ ಕಾಳು ಹಿಡಿದು ಜಗಲಿಗೆ ಬಂದು ಕೂತರು. ಅಂಜಿನಪ್ಪನೂ ರಾಗಿ ಚೀಲ ಇಳಿಸಿ ಸರದಿಗೆ ನಿಂತಿದ್ದ.

ಕಾಶಮ್ಮ ಯಾರ ಕಾಳನ್ನೂ ತೆಗೆದುಕೊಳ್ಳದೆ ಕೈ ಎತ್ತಿದಳು. ಓಂಕಾರೇಶ ಮೋಟರು ಆರಿಸಿದ. ಬೆಲ್ಟು ನಿಂತಿತು. ಅವಳು ಗೋಣಿಚೀಲದಿಂದ ಎದ್ದು ನಿಂತಳು. ಹಳೆಯ ಸೆಟ್ಟು ಎಷ್ಟು ವರ್ಷದಿಂದ ಜರುಗಿತ್ತು, ಬರಿ ಬಾಯಿ ಕಡಿದರೂ ಹೇಗೆ ಕಟ್ ಎನ್ನುತ್ತಿತ್ತು, ನೆನೆಸಿದ ಕಡಲೆಗೂ ಹೇಗೆ ಅದೇ ಸದ್ದು ಬಂತು, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಹೊಸ ಹಲ್ಲಿಗೆ ಮಾತೂ ಸರಿಯಾಗಿ ಹೊರಳುತ್ತಿರಲಿಲ್ಲ. ಆದರೂ ನಿಲ್ಲಿಸಲಿಲ್ಲ.

"ಹುಲಿಗೆಮ್ಮ ಇನ್ನೊಂದು ಬಿಸಿಲು ಕೇಳಿದ್ಲು, ನಾನೇ ಬ್ಯಾಡ ಅಂದೆ" ಎಂದಳು. "ಅವಳ ಗುಡಾಣ ಒಣಗೇ ಇತ್ತು. ಅವಳ ಕೈ ಕೆಟ್ಟಿಲ್ಲ. ಕೆಟ್ಟಿದ್ದು ನನ್ ಬಾಯಿ. ಅವತ್ತು ನಿಮ್ಮೆಲ್ಲರ ಎದುರಿಗೇ ಅವಳ ಮ್ಯಾಲೆ ತಪ್ಪು ಹೊರಿಸ್ದೆ, ಅದಕ್ಕೇ ನಿಮ್ಮೆಲ್ಲರ ಎದುರಿಗೇ ಹೇಳ್ತಿದೀನಿ."

ಹೆಂಗಸರು ತಮ್ಮ ಬೊಗಸೆಯ ಕಾಳು ನೋಡಿಕೊಂಡು ಕೂತರು. ಎಷ್ಟು ವರ್ಷದ ನಂಬಿಕೆ ಅದು, ಅವರಿಗೂ ಕಾಲ ಕೆಳಗಿನ ನೆಲ ಸರಿದ ಹಾಗಾಗಿತ್ತು. ಅಂಜಿನಪ್ಪ ಹೆಗಲ ಟವೆಲ್ಲು ಸರಿಮಾಡಿಕೊಂಡು, ನಮ್ಮನೇಲಿ ಹೇಳ್ತೀನಿ ಅಮ್ಮಾ ಎಂದ. ಅವನು ಹಿಟ್ಟು ಬೀಸಿಸಿಕೊಂಡು ಹೋದ, ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಅವತ್ತು ಯಾರೂ ಕಾಳು ಕೊಡಲಿಲ್ಲ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಾಶಮ್ಮ ಗೋಣಿಚೀಲದ ಮೇಲೆ ಕೂತೇ ಇದ್ದಳು. ನಿನ್ನಷ್ಟಕ್ಕೆ ಒಳಗೆ ಮಲಗಬಾರದೇ ಎಂದು ಓಂಕಾರೇಶ ಗೊಣಗಿದ. ಅವಳು ಕೇಳಿಸಿಕೊಳ್ಳದವಳ ಹಾಗೆ ರಸ್ತೆ ನೋಡುತ್ತಿದ್ದಳು. ಊರಿನವರು ಬರದಿದ್ದರೆ ಹೋಗಲಿ, ಅವಳು ಕಾಯುತ್ತಿದ್ದದ್ದು ಒಬ್ಬಳಿಗೆ. ಬಂದು ಬೈದು ಹೋದರೂ ಸಾಕಿತ್ತು.

ನಾಲ್ಕನೇ ದಿನ ಬಿಸಿಲೇರುವ ಹೊತ್ತಿಗೆ ಹುಲಿಗೆಮ್ಮ ಬಂದಳು. ಕೈಯಲ್ಲಿ ಮೊರ ಇತ್ತು, ಮೊರದಲ್ಲಿ ಕೆಂಪು ಕಡಲೆ. ಆರಿಸಿ ಬಿತ್ತಿದ ಎರಡು ಪಾವು ಮರಳಿ ಕೊಟ್ಟದ್ದು ಅಷ್ಟೇ, ಒಂದು ಮೊರ. ಬದಲು ಮಾಡಿಕೊಳ್ಳುತ್ತಿದ್ದವರು ಅದರ ಬಿತ್ತನೆ ಎತ್ತಿಡುತ್ತಿರಲಿಲ್ಲ, ಹಾಗಾಗಿ ಆ ಕಡಲೆ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಇದು ಕೆಟ್ಟರೆ ಮತ್ತೆ ತರಲು ಅವಳ ತಾಯಿಯೂ ಇರಲಿಲ್ಲ. ಹೀಗಿದ್ದೂ ಅದನ್ನು ತಂದು ಕಾಶಮ್ಮನ ಮುಂದೆ ಇಟ್ಟು, ಎದುರಿಗೆ ಕಾಲು ಮಡಚಿ ಕೂತಳು. ಅಷ್ಟರಲ್ಲಿ ಅತ್ತಿತ್ತಿನ ಮನೆಗಳಿಂದ ಮೂರು ನಾಲ್ಕು ಹೆಂಗಸರು ಬಂದು ಜಗಲಿಯ ಅಂಚಿಗೆ ನಿಂತರು. ನೋಡದೆ ಇರಲು ಅವರಿಗಾದರೂ ಹೇಗೆ ಸಾಧ್ಯ?

ಕಾಶಮ್ಮ ಕೈ ಎತ್ತಿದಳು. ಗಿರಣಿ ನಿಂತಿತು. ಒಂದು ಕಾಳು ಬಾಯಿಗೆ ಹಾಕಿ ಕಣ್ಣು ಮುಚ್ಚಿ ಕಡಿದಳು. ಅವಳ ಅತ್ತೆಯ ಕಾಲದಿಂದ ಆ ಜಗಲಿಯಲ್ಲಿ ಯಾರೂ ಆಡಿರದ ಮಾತನ್ನು ಆಮೇಲೆ ಆಡಿದಳು.

"ನಂಗೆ ಗೊತ್ತಾಗ್ಲಿಲ್ಲ ಕಣೇ. ನೀ ಕಡಿ."

ಹುಲಿಗೆಮ್ಮ ಅವಳ ಮುಖ ನೋಡಿದಳು. ಮೊರದಿಂದ ಒಂದು ಕಾಳೆತ್ತಿ ಬೆರಳಿನಲ್ಲಿ ಹೊರಳಿಸಿ ಕಡಿದಳು. ಇನ್ನೊಂದನ್ನು ಕಡಿದಳು. ಬಾಯಲ್ಲಿದ್ದ ಹೋಳನ್ನು ಅಂಗೈಗೆ ತೆಗೆದು ಕಾಶಮ್ಮನಿಗೆ ತೋರಿಸಿದಳು. ನಡುವೆ ಒಂದೆಳೆ ಮೆತ್ತಗಿತ್ತು.

"ಇನ್ನೊಂದು ಬಿಸಿಲು ಬೇಕು ಅಮ್ಮಾ" ಎಂದಳು.

ಕಾಶಮ್ಮ ಅದೇ ರಾಶಿಯಿಂದ ಇನ್ನೊಂದು ಕಾಳು ತೆಗೆದು ಕಡಿದಳು, ಆ ಸದ್ದನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡಳು. ಇಂಥದ್ದಕ್ಕೆ ಇನ್ನೊಂದು ಬಿಸಿಲು. ಹುಲಿಗೆಮ್ಮ ಮತ್ತೊಂದು ಕಾಳನ್ನು ಅವಳ ಕೈಗಿಟ್ಟಳು. ಐವತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ಅತ್ತೆ ಇಟ್ಟ ಹಾಗೆಯೇ. ಕಾಶಮ್ಮನ ಕಣ್ಣು ತುಂಬಿತು, ಸೆರಗಿನಲ್ಲಿ ಒರೆಸಿಕೊಂಡಳು.

ಅಂಚಿಗೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು ತನ್ನ ಸೆರಗಿನ ಗಂಟು ಬಿಚ್ಚಿ, ಸ್ವಲ್ಪ ಅನುಮಾನಿಸಿ, ಹುಲಿಗೆಮ್ಮನ ಪಕ್ಕಕ್ಕೆ ಬಂದು ಕೂತಳು. ಒಳಗೆ ಓಂಕಾರೇಶ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು, ಗಿರಣಿ ಹಾಕಲೇ ಎಂದು ತಾಯಿಯ ಕಡೆ ನೋಡಿದ. ಕಾಶಮ್ಮ ಗದ್ದ ಎತ್ತಿ ಹುಲಿಗೆಮ್ಮನನ್ನು ತೋರಿಸಿದಳು.

"ಅವಳನ್ನ ಕೇಳು."